ತುಕ್ಕು ಹಿಡಿದ ತೊಲೆಗೆ ಇಂಗಾಲದ ಪಟ್ಟಿ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ನೆಲ ನಡುಗಿ, ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರವಾದ ಮಾಳಿಗೆಗಳೂ ನಿದ್ರಿಸುತ್ತಿದ್ದ ಸಹಸ್ರಾರು ಜನರ ಮೇಲೆ ಕುಸಿದುಬಿದ್ದಂದಿನಿಂದ, ಉಮರ್ಗಾ, ನಿಲಂಗಾ, ಉದಗೀರಗಳ ಸೀಮೆಯ ವಲಾಂಡಿಯಂತಹ ಊರುಗಳಲ್ಲಿ ಕಲ್ಲಿನ ಮೇಲಣ ನಂಬಿಕೆ ಅಳಿದು ಆರ್‌ಸಿಸಿ ಕಟ್ಟಡದ ಮೇಲೆ ಭರವಸೆ ಬೆಳೆಯಿತು. ಆ ಭರವಸೆ ನಿರಾಧಾರವಾದುದಲ್ಲ. ಆದರೆ ಕಾಂಕ್ರೀಟಿಗೂ ಮುಪ್ಪು ಉಂಟೆಂಬುದನ್ನು ಅದು ಮರೆಸಿತು.

ಮೂವತ್ತು ವರ್ಷ ದಾಟಿದ ತೊಲೆಯ ಅಡಿಯಲ್ಲಿ ನಿಂತು ನೋಡಿರಿ: ಒಳಗಣ ಸರಳಿನ ಗುಂಟ ಉದ್ದಕ್ಕೆ ಹರಿದ ಬಿರುಕು, ಅದರಂಚಿನಲ್ಲಿ ಕಂದು ಕಲೆ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಟೊಳ್ಳು ದನಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷವರ್ಷವೂ ಒಳಗಿಳಿದು, ಕಬ್ಬಿಣವನ್ನು ಕಾಯುವ ಸಿಮೆಂಟಿನ ಕ್ಷಾರಗುಣವನ್ನು ಕುಂದಿಸುತ್ತದೆ. ಮೇಲೆ ಮಳೆಗಾಲದ ತೇವ ಸೇರಿದರೆ ಹುಟ್ಟುವ ತುಕ್ಕು, ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಸ್ಥಳವನ್ನು ಬೇಡುತ್ತ ಹೊದಿಕೆಯ ಕಾಂಕ್ರೀಟನ್ನು ಸಿಡಿಸುತ್ತದೆ. ಗವಂಡಿಯನ್ನು ಕರೆಸಿ ಗಿಲಾವು ಮಾಡಿಸಿ ಬಣ್ಣ ಬಳಿಸುವುದರಿಂದ ಕಲೆ ಮರೆಯಾದೀತೇ ಹೊರತು ಸರಳಿನ ಕ್ಷಯ ನಿಲ್ಲಲಾರದು.

ಕೆಡವಿ ಕಟ್ಟುವುದೊಂದೇ ಇದಕ್ಕೆ ಪರಿಹಾರವೆಂಬ ಮಾತನ್ನು ನಾನು ಒಪ್ಪಲಾರೆ. ಸ್ವಿಟ್ಜರ್ಲೆಂಡಿನ ಲುಸೆರ್ನ್ ಬಳಿಯ ಇಬಾಖ್ ಸೇತುವೆಯಲ್ಲಿ, ಸಂಚಾರ ದೀಪಗಳಿಗಾಗಿ ರಂಧ್ರ ಕೊರೆಯುವಾಗ ಕಾಂಕ್ರೀಟನ್ನು ಬಿಗಿದು ಹಿಡಿಯುವ ಉಕ್ಕಿನ ತಂತಿಗಳಿಗೆ ಏಟು ಬಿದ್ದಿದ್ದ ಭಾಗವನ್ನು 1991ರಲ್ಲಿ ಇಂಗಾಲದ ನಾರಿನ ಪಟ್ಟಿಗಳನ್ನು ಅಂಟಿಸಿಯೇ ಉಳಿಸಿಕೊಂಡರು. 175 ಕಿಲೋ ಉಕ್ಕು ಮಾಡಬೇಕಾಗಿದ್ದ ಕೆಲಸವನ್ನು 6.2 ಕಿಲೋ ತೂಕದ ಪಟ್ಟಿಗಳು ಮಾಡಿದವು. ತೊಲೆ ಬಾಗುವಾಗ ಅಡಿಯ ಮೈ ಎಳೆತಕ್ಕೆ ಒಳಗಾಗುತ್ತದೆ. ಎಪಾಕ್ಸಿ ಅಂಟಿನಿಂದ ಅಲ್ಲಿ ಹಿಡಿದ ನಾರು, ಒಳಗಣ ಸರಳುಗಳ ಭಾರವನ್ನು ತಾನೂ ಹಂಚಿಕೊಳ್ಳುತ್ತದೆ. ತೊಲೆಯ ತುದಿಗಳ ಬಳಿಯ ಓರೆ ಬಿರುಕಿಗೆ ಪಟ್ಟಿಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಮೂರು ಮೈಗೂ ಸುತ್ತುತ್ತಾರೆ.

ಆದರೆ ಈ ವಿದ್ಯೆಯ ಸತ್ತ್ವವೆಲ್ಲ ನಾರಿನಲ್ಲಿಲ್ಲ, ಅಂಟು ಹಿಡಿಯುವ ಮೈಯಲ್ಲಿದೆ. ಸಡಿಲ ಕಾಂಕ್ರೀಟನ್ನು ಗಟ್ಟಿ ಸಿಗುವವರೆಗೂ ಕೆತ್ತಿ ತೆಗೆದು, ಸರಳಿನ ತುಕ್ಕನ್ನು ಅದರ ಬೆನ್ನಿನ ಕಡೆಯೂ ಉಜ್ಜಿ, ಕರಗಿ ಸಣ್ಣಗಾದಲ್ಲಿ ಹೊಸ ಸರಳು ಜೋಡಿಸಿ, ರಿಪೇರಿ ಗಾರೆ ತುಂಬಿ, ಮೈಯನ್ನು ತಿಕ್ಕಿ ಒಣಗಿಸಿ, ಮೂಲೆಗಳನ್ನು ದುಂಡಾಗಿಸಿದ ಮೇಲೆಯೇ ಪಟ್ಟಿ ಅಂಟಿಸಬೇಕು. ಇದಿಷ್ಟನ್ನು ಬಿಟ್ಟು ಹಳೆಯ ಗಿಲಾವಿನ ಮೇಲೆಯೇ ಅಂಟಿಸಿದರೆ, ಬಲವಾದ ಆ ನಾರು ತಾನು ಹರಿಯದೆ ಗಿಲಾವನ್ನೇ ಕಿತ್ತುಕೊಂಡು ಒಮ್ಮೆಗೇ ಕಳಚಿ ಬೀಳುತ್ತದೆ. ಒಳಗೆ ಮುಚ್ಚಿಹೋದ ತುಕ್ಕು ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಬೆಳೆದಿರುತ್ತದೆ. ಕಾಂಕ್ರೀಟೇ ತೀರ ದುರ್ಬಲವಾಗಿದ್ದಲ್ಲಿ ಪಟ್ಟಿಯ ಮಾತನ್ನು ಬಿಟ್ಟು, ತೊಲೆಯ ಸುತ್ತ ಹೊಸ ಕಾಂಕ್ರೀಟಿನ ಕವಚ ಕಟ್ಟುವುದು, ಇಲ್ಲವೆ ಕೆಡವುವುದು ಲೇಸು.

ಕಿಲ್ಲಾರಿಯ ಭೂಕಂಪದ ಬಳಿಕ ಬೀಳದೆ ಉಳಿದ ಕಲ್ಲುಮನೆಗಳಲ್ಲಿ ಗೋಡೆಯ ಎರಡು ಪದರಗಳನ್ನು ಬಂಧಿಸಲು ಆರಪಾರ ರಂಧ್ರ ಮಾಡಿ, ಕೊಕ್ಕೆಯ ಸರಳನ್ನಿಟ್ಟು ಕಾಂಕ್ರೀಟ್ ತುಂಬುವ ಕ್ರಮವನ್ನು ಈ ಸೀಮೆಯ ಗವಂಡಿಗಳಿಗೆ ಕಲಿಸಲಾಯಿತು. ಅಂತಹ ಶಿಕ್ಷಣ ಕಾಂಕ್ರೀಟಿನ ದುರಸ್ತಿಗೂ ಈಗ ದೊರೆಯಬೇಕಾಗಿದೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು: ಸಾಮಾನ್ಯ ಎಪಾಕ್ಸಿ ಅಂಟು 60ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗುತ್ತದೆ. ಅಡುಗೆಕೋಣೆಯ ಬೆಂಕಿಗೆ ಪಟ್ಟಿ ಕಳಚಿದರೂ ತೊಲೆ ತನ್ನ ಸ್ವಂತ ಭಾರವನ್ನೂ ಕೆಳಗಿರುವವರು ಹೊರಬರುವಷ್ಟು ಕಾಲದ ಹೊರೆಯನ್ನೂ ಹೊರುವಂತಿರಬೇಕು. ಆ ಲೆಕ್ಕವನ್ನು ಎಂಜಿನಿಯರು ಮೊದಲೇ ಮಾಡಿ ಸಹಿ ಹಾಕತಕ್ಕದ್ದು.

ಆದುದರಿಂದ ಶಾಲೆ, ಆರೋಗ್ಯ ಕೇಂದ್ರಗಳ ದುರಸ್ತಿಯ ಟೆಂಡರು ಬರೆಯುವ ಅಧಿಕಾರಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಪಟ್ಟಿಯ ಚದರಡಿಗೆ ದರ ನಮೂದಿಸುವಂತೆಯೇ ತುಕ್ಕು ತೆಗೆಯುವ ಕೆಲಸಕ್ಕೂ, ಅಂಟಿದ ಮೈಯನ್ನು ಎಳೆದು ನೋಡುವ ಪರೀಕ್ಷೆಗೂ ಬೇರೆ ಬೇರೆ ದರಗಳನ್ನು ನಮೂದಿಸಿರಿ, ಅವುಗಳ ಫಲವನ್ನು ನೋಡಿದ ಮೇಲೆಯೇ ಬಿಲ್ಲು ಪಾವತಿಸಿರಿ.