ಆಡುವವನು ಯಾರು?

ಆಟವೆಂದ ಮೇಲೆ ಅದಕ್ಕೊಂದು ಕಟ್ಟಳೆಯುಂಟು. ಕಟ್ಟಳೆಯನ್ನು ವಿಧಿಸುವವನೊಬ್ಬ, ಅದಕ್ಕೊಳಪಟ್ಟು ಆಡುವವನಿನ್ನೊಬ್ಬ. ಕಂಪ್ಯೂಟರ್ ಆಟಗಳಲ್ಲಿ ಈ ಭೇದ ಮಸುಕಾಗುತ್ತಿದೆ. ಆಟವನ್ನು ನಡೆಸುವ ಎಂಜಿನ್ನಿನೊಳಗೆ ಆಟಗಾರರೇ ಬರೆದ ಸ್ಕ್ರಿಪ್ಟುಗಳೂ ಓಡುತ್ತವೆ. ಇದರಿಂದ ಹುಟ್ಟಿದ ಹಳೆಯ ವಿವಾದವೊಂದು ಈಚೆಗೆ ಮತ್ತೆ ತಲೆಯೆತ್ತಿದೆ.

ಅಮೆರಿಕದ ಬ್ಲಿಜರ್ಡ್ ಸಂಸ್ಥೆ 2004ರಲ್ಲಿ ಹೊರತಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಅಂತರ್ಜಾಲದಲ್ಲಿ ಅನೇಕರು ಕೂಡಿ ಆಡುವ ಆಟ. ಪರದೆಯ ಮೇಲಿನ ಪಟ್ಟಿ, ಗುಂಡಿ, ಸೂಚನೆಗಳನ್ನು ಆಟಗಾರರು ಲುವಾ ಭಾಷೆಯಲ್ಲಿ ತಮಗೆ ಬೇಕಾದಂತೆ ಬರೆದುಕೊಳ್ಳಬಹುದು. ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ 1993ರಲ್ಲಿ ಹುಟ್ಟಿದ ಈ ಭಾಷೆಯ ಹೆಸರಿಗೆ ಪೋರ್ಚುಗೀಸಿನಲ್ಲಿ ಚಂದ್ರನೆಂದರ್ಥ. ಚಂದ್ರನಿಗೆ ಸ್ವಂತ ಬೆಳಕಿಲ್ಲ. ಎಂಜಿನ್ ಒದಗಿಸಿದಷ್ಟೇ ಈ ಸ್ಕ್ರಿಪ್ಟುಗಳ ಸಾಮರ್ಥ್ಯ. ಕಂಪ್ಯೂಟರಿನ ಕಡತಗಳನ್ನು ತೆರೆಯುವ ಶಕ್ತಿಯನ್ನು ಆಟ ಅವಕ್ಕೆ ಕೊಟ್ಟಿಲ್ಲ. ಅಪರಿಚಿತನನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳುವವನಿಗೆ ಇಷ್ಟು ಎಚ್ಚರ ಅವಶ್ಯ.

ನಿಜವಾದ ತೊಡಕಿರುವುದು ಬೇರೆಡೆಯಲ್ಲಿ. ಶಾಪ, ವಿಷಗಳಿಗೆ ಸಿಕ್ಕ ಸಂಗಾತಿಗಳಲ್ಲಿ ಯಾರನ್ನು ಮೊದಲು ಉಳಿಸಬೇಕೆಂಬುದನ್ನು ‘ಡಿಕರ್ಸಿವ್’ ಎಂಬ ಸ್ಕ್ರಿಪ್ಟು ತಾನೇ ಆರಿಸುತ್ತಿತ್ತು. ಆಟಗಾರನು ಕೀಲಿಯೊಂದನ್ನು ಒತ್ತಿದರಾಯಿತು. 2006ರ ಕೊನೆಯಲ್ಲಿ ಸಂಸ್ಥೆ ಇದನ್ನು ತಡೆಯಿತು. ಆಗ ಸ್ಕ್ರಿಪ್ಟುಗಳು ಮಾಡುವುದನ್ನು ಬಿಟ್ಟು ಹೇಳಿಕೊಡುವುದನ್ನು ರೂಢಿಸಿಕೊಂಡವು: ಈಗ ಸರಿದು ನಿಲ್ಲು, ಈಗ ಹೊಡೆ. ಶಕುನಿಯ ದಾಳಗಳು ಒಡೆಯನ ಮಾತನ್ನು ಕೇಳುತ್ತಿದ್ದವು. ಇಲ್ಲಿ ಒಡೆಯನೇ ದಾಳದ ಮಾತನ್ನು ಕೇಳುವಂತಾಯಿತು.

ಈ ಹೇಳಿಕೊಡುವಿಕೆಗೂ ಎಲ್ಲೆ ಹಾಕುವ ನಿರ್ಧಾರವನ್ನು ಸಂಸ್ಥೆ 2025ರಲ್ಲಿ ಪ್ರಕಟಿಸಿತು. ಅದರಂತೆ, ‘ಮಿಡ್‌ನೈಟ್’ ಎಂಬ ಆವೃತ್ತಿಯಲ್ಲಿ ಕಾಳಗದ ಮುಖ್ಯ ವಿವರಗಳನ್ನು ಸ್ಕ್ರಿಪ್ಟು ಪರದೆಯ ಮೇಲೆ ತೋರಿಸಬಹುದು. ಆದರೆ ಅವುಗಳನ್ನು ತಾನು ತಿಳಿದು ಲೆಕ್ಕಹಾಕುವಂತಿಲ್ಲ. ಮುದ್ರೆಯೊತ್ತಿದ ಪತ್ರವನ್ನು ಒಡೆಯದೆ ತಲುಪಿಸುವ ಓಲೆಕಾರನ ಸ್ಥಿತಿ ಅದರದು. ‘ವೀಕ್‌ಆರಾಸ್’ ಎಂಬ ಪ್ರಸಿದ್ಧ ಸಾಧನದ ಕರ್ತೃಗಳು ಹೊಸ ಆವೃತ್ತಿಗೆ ತಮ್ಮ ಕೃತಿಯನ್ನು ಅಳವಡಿಸುವುದಿಲ್ಲವೆಂದು ಸಾರಿದರು. ದೃಷ್ಟಿ ಮಂದವಾದ ಆಟಗಾರರು ತಮ್ಮ ಊರುಗೋಲು ತಪ್ಪುವುದೆಂದು ಕಳವಳಗೊಂಡರು. ಅಂಥ ಸೌಕರ್ಯಗಳನ್ನು ಆಟದಲ್ಲಿಯೇ ಒದಗಿಸುವುದಾಗಿ ಸಂಸ್ಥೆ ಹೇಳಿದೆ.

ನಿರ್ಧಾರವು ಆಟಗಾರನದೇ ಆಗಿರಬೇಕೆಂಬ ತತ್ತ್ವ ಒಪ್ಪತಕ್ಕದ್ದು. ಅದಿಲ್ಲದಿದ್ದರೆ ಆಟವೆಂಬ ಹೆಸರೇ ಸಲ್ಲದು. ಆದರೆ ಕಾಣುವುದು ಬೇರೆ, ನಿರ್ಧರಿಸುವುದು ಬೇರೆ. ಕಣ್ಣು ಮಸುಕಾದವನಿಗೆ ಧ್ವನಿಯ ಸೂಚನೆಯೇ ಕಣ್ಣು. ಆ ಕಣ್ಣನ್ನು ಕಟ್ಟುವ ಸಂಸ್ಥೆ ಇನ್ನೊಂದನ್ನು ತೆರೆಯುವ ಹೊಣೆಯನ್ನೂ ಹೊರಬೇಕು. ಕಟ್ಟಳೆ ಮಾಡುವವರ ನ್ಯಾಯಕ್ಕೆ ಒರೆಗಲ್ಲು ಇದೇ.