ನವೋದಯದ ಲೆಕ್ಕ ಮೂರನೇ ತರಗತಿಯಿಂದ

"ಮೇಷ್ಟ್ರೇ, ಈ ಜೂನ್‌ನಲ್ಲಿ ಮಗನನ್ನು ನಾಲ್ಕನೇ ತರಗತಿಗೆ ಪೇಟೆ ಕಾನ್ವೆಂಟಿಗೆ ಹಾಕ್ತೀನಿ. ಆಮೇಲೆ ನವೋದಯ ಪರೀಕ್ಷೆ ಬರೆಸೋದು" ಎಂದರು ಪರಿಚಯದ ರೈತರೊಬ್ಬರು. ಸ್ವಲ್ಪ ತಡೆಯಿರಿ ಎಂದೆ.

ಜವಾಹರ ನವೋದಯ ವಿದ್ಯಾಲಯಗಳಲ್ಲಿ ಕನಿಷ್ಠ ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು. ಆದರೆ ಹಳ್ಳಿಯಲ್ಲಿ ಮನೆ, ಹೊಲ ಇದ್ದರೆ ಸಾಲದು. 3, 4, 5ನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ದಿನ ಪೇಟೆ ಶಾಲೆಯಲ್ಲಿ ಓದಿದರೂ ಮಗು ನಗರದ ಪಟ್ಟಿಗೆ ಸೇರುತ್ತದೆ. ಎಷ್ಟೋ ಪೋಷಕರಿಗೆ ಇದು ತಿಳಿಯುವುದು ಅರ್ಜಿ ತುಂಬುವಾಗ!

5ನೇ ತರಗತಿಯಲ್ಲಿ ಪರೀಕ್ಷೆ. ಅವಕಾಶ ಒಮ್ಮೆ ಮಾತ್ರ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಪ್ರಶ್ನೆಗಳು ಚಿತ್ರ ನೋಡಿ ಉತ್ತರಿಸುವ ಬುದ್ಧಿಶಕ್ತಿಯವು. ಉಳಿದದ್ದು ಲೆಕ್ಕ, ಭಾಷೆ. ಕನ್ನಡದಲ್ಲೇ ಬರೆಯಬಹುದು. (ಇದಕ್ಕೆ ಸಾಲ ಮಾಡಿ ಕೋಚಿಂಗ್ ಕೊಡಿಸುವವರನ್ನು ಕಂಡರೆ ನನಗೆ ಸಂಕಟ.) ಆಯ್ಕೆಯಾದರೆ ಊಟ, ವಸತಿ, ಪುಸ್ತಕ ಎಲ್ಲವೂ ಉಚಿತ. ಆದರೆ ಒಂದು ಶಾಲೆಗೆ ಗರಿಷ್ಠ 80 ಮಕ್ಕಳು. ಆದ್ದರಿಂದ ಅದೊಂದನ್ನೇ ನಂಬಿ ಕೂರಬೇಡಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಯ 6ನೇ ತರಗತಿಗೂ ಅರ್ಜಿ ಹಾಕಿ.

"ಕಾನ್ವೆಂಟಿಗೆ ಕಟ್ಟಿದ ಮುಂಗಡ?" ಎಂದರು ಅವರು.

"ಶಾಲೆ ಇನ್ನೂ ಶುರುವಾಗಿಲ್ಲವಲ್ಲ, ನಾಳೆಯೇ ಹೋಗಿ ಕೇಳಿ" ಎಂದೆ.