ಹಾರ್ಡ್ ಕ್ರೋಮ್ ಬೇಡ ಎನ್ನುವವರಿಗೆ

ಹಾರ್ಡ್ ಕ್ರೋಮ್ ಪ್ಲೇಟಿಂಗನ್ನೇ ನಿಲ್ಲಿಸಿಬಿಡಿ ಎನ್ನುವವರ ಆಕ್ಷೇಪ ಐದು. ಒಂದೊಂದನ್ನೇ ನೋಡೋಣ.

'ಅದು ಬರೀ ಹೊಳಪಿನ ಶೋಕಿ.' ಬೈಕಿನ ಹ್ಯಾಂಡಲ್ ಮೇಲೆ ಮಿರುಗುವ ಕ್ರೋಮ್ ಸಾಮಾನ್ಯವಾಗಿ ಒಂದು ಮೈಕ್ರಾನ್ ದಪ್ಪವೂ ಇರುವುದಿಲ್ಲ. ಹಾರ್ಡ್ ಕ್ರೋಮ್ ಹತ್ತಾರು ಮೈಕ್ರಾನ್ ದಪ್ಪ, ವಿಕರ್ಸ್ ಗಡಸುತನ 800ರಿಂದ 1000. ಜೆಸಿಬಿಯ ಹೈಡ್ರಾಲಿಕ್ ರಾಡ್ ದಿನವಿಡೀ ಮಣ್ಣುಧೂಳಿನಲ್ಲಿ ಒಳಹೊರಗೆ ಆಡಿದರೂ ಬೇಗ ಗೀರು ಬೀಳದೆ, ಸೀಲ್ ಹರಿಯದೆ ಬಾಳುವುದು ಇದರಿಂದಲೇ.

'ಸವೆದದ್ದನ್ನು ಎಸೆದು ಹೊಸದು ಹಾಕಿ.' ಸವೆದಿರುವುದು ಕೂದಲೆಳೆಯಷ್ಟು. ಅದಕ್ಕೆ ಇಡೀ ರಾಡನ್ನು ಗುಜರಿಗೆ ಹಾಕುವುದು ಯಾವ ಲೆಕ್ಕ? ಹಳೇ ಕ್ರೋಮ್ ತೆಗೆದು ಪ್ಲೇಟಿಂಗ್ ತೊಟ್ಟಿಗಿಳಿಸಿದರೆ ಗಂಟೆಗೆ ಸುಮಾರು 25 ಮೈಕ್ರಾನಿನಂತೆ ಲೋಹ ಕೂರುತ್ತದೆ. ಗ್ರೈಂಡಿಂಗ್ ಆದ ಮೇಲೆ ಮೂಲ ಅಳತೆ ಸಿಕ್ಕಿತು. ತೊಟ್ಟಿಯ ಬಿಸಿ 55 ಡಿಗ್ರಿ ಆಸುಪಾಸು. ವೆಲ್ಡಿಂಗ್‌ನಲ್ಲಾಗುವಂತೆ ರಾಡ್ ಸೊಟ್ಟಗಾಗುವ ಭಯವಿಲ್ಲ.

'ಬಿರುಕು ಬಿಡುತ್ತದೆ, ಉಕ್ಕು ಪೆಡಸಾಗುತ್ತದೆ.' ಸೂಕ್ಷ್ಮ ಬಿರುಕು ಇರುವುದು ನಿಜ; ಪಿಸ್ಟನ್ ರಿಂಗಿನಲ್ಲಿ ಎಣ್ಣೆ ಹಿಡಿದಿಡುವುದೂ ಅವೇ. ತುಕ್ಕಿನ ಕಾಟ ಇರುವಲ್ಲಿ ಕ್ರೋಮಿನ ಅಡಿಗೆ ನಿಕಲ್ ಪದರ ಕೊಡುತ್ತಾರೆ. ಹೈಡ್ರೋಜನ್ ಸೇರಿ ಗಡಸು ಉಕ್ಕು ಪೆಡಸಾಗದಿರಲು, ಪ್ಲೇಟಿಂಗ್ ಮುಗಿದ ಕೆಲವೇ ಗಂಟೆಗಳಲ್ಲಿ 190 ಡಿಗ್ರಿಗೂ ಮೇಲಿನ ಓವನ್‌ನಲ್ಲಿ ಗಂಟೆಗಟ್ಟಲೆ ಇಡಬೇಕು. ಅದನ್ನು ಇಡದವನ ಸೋಮಾರಿತನವನ್ನು ಕ್ರೋಮಿನ ತಲೆಗೆ ಕಟ್ಟಬೇಡಿ.

'ವಿಷ.' ಐದರಲ್ಲಿ ತೂಕವಿರುವ ಮಾತು ಇದು. ತೊಟ್ಟಿಯ ಕ್ರೋಮಿಕ್ ಆಮ್ಲದಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದೂ ಸತ್ಯ. ಆದರೆ ಮುಗಿದ ರಾಡಿನ ಮೇಲಿರುವುದು ಬರೀ ಲೋಹ. ಅಪಾಯವಿರುವುದು ತೊಟ್ಟಿಯಿಂದೇಳುವ ಮಂಜಿನಲ್ಲಿ, ರಾಡ್ ತೊಳೆದ ನೀರಿನಲ್ಲಿ. ಮಂಜಿಗೆ ಸ್ಕ್ರಬ್ಬರ್ ಇದೆ. ಹಳದಿ ನೀರಿಗೆ ಆಮ್ಲ ಸೇರಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಅದು ಹಸಿರಿಗೆ ತಿರುಗುತ್ತದೆ, ಎಂದರೆ ಕ್ರೋಮಿಯಂ ಹೆಕ್ಸಾದಿಂದ ಟ್ರೈವೇಲೆಂಟ್‌ಗೆ ಇಳಿಯಿತು. ಸುಣ್ಣ ಬಿದ್ದರೆ ಕೆಸರಾಗಿ ತಳಕ್ಕೆ ಕೂರುತ್ತದೆ. ಆ ಕೆಸರು ಚರಂಡಿಗಲ್ಲ, ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಹೋಗಬೇಕು. ಇಷ್ಟು ಮಾಡದ ಶೆಡ್ಡಿಗೆ ಬೀಗ ಹಾಕಿಸಿ, ನಮ್ಮ ತಕರಾರಿಲ್ಲ.

'ಬೇರೆ ದಾರಿ ಇದೆಯಲ್ಲ.' ವಿಮಾನದ ಲ್ಯಾಂಡಿಂಗ್ ಗೇರಿಗೆ ಟಂಗ್‌ಸ್ಟನ್ ಕಾರ್ಬೈಡ್ ಸ್ಪ್ರೇ ಬಂದಿದೆ, ಒಪ್ಪಿದೆ. ಆದರೆ ಸ್ಪ್ರೇ ಗನ್ ಎದುರಿಗಿರುವ ಮೈಗಷ್ಟೇ ಬಳಿಯುತ್ತದೆ. ಸಣ್ಣ ಬೋರಿನ ಒಳಗೆ ಅದರ ಆಟ ನಡೆಯದು. 2023ರಲ್ಲಿ ನಿಷೇಧ ತಂದ ಕ್ಯಾಲಿಫೋರ್ನಿಯಾ ಕೂಡ ಅಲಂಕಾರದ ಕ್ರೋಮಿಗೆ 2027ರಿಂದ ಗಡುವು ಹಾಕಿ, ಹಾರ್ಡ್ ಕ್ರೋಮಿಗೆ 2039ರವರೆಗೆ ಕಾಲ ಕೊಟ್ಟಿತು. ಸ್ಪ್ರೇ ಒಗ್ಗುವ ಕಡೆ ಬದಲಾಯಿಸೋಣ. ಒಗ್ಗದ ಕಡೆ ಕೇಳಬೇಕಾದದ್ದು ತೊಟ್ಟಿಯ ಕಟ್ಟುನಿಟ್ಟನ್ನು, ತೊಟ್ಟಿ ಮುಚ್ಚುವುದನ್ನಲ್ಲ.